ದಿನಕ್ಕೆ ಇಪ್ಪತ್ತು ಸೆಕೆಂಡು



ಹೊಸದಾಗಿ ಆಟೋಮ್ಯಾಟಿಕ್ ಕೈಗಡಿಯಾರ ಕೊಂಡವರು ವಾರ ತುಂಬುವುದರೊಳಗೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಹದಿನೈದು ಸಾವಿರ ಕೊಟ್ಟು ತಂದೆ. ದಿನಕ್ಕೆ 20 ಸೆಕೆಂಡು ಮುಂದೆ ಹೋಗುತ್ತಿದೆ. ಅಂಗಡಿಗೆ ವಾಪಸು ಕೊಡಲೇ?"

ಕೊಡಬೇಡಿ. ಅದು ಸರಿಯಾಗಿಯೇ ನಡೆಯುತ್ತಿದೆ. ಇವತ್ತಿನ ನನ್ನ ಮಾತು ಪೂರ್ತಿ ಈ ಉತ್ತರದ ವಿವರಣೆ. ಕಡಿಮೆ ಬೆಲೆಯ ಆಟೋಮ್ಯಾಟಿಕ್ ಗಡಿಯಾರ ಎಷ್ಟು ನಿಖರವಾಗಿರಬಹುದು? ಕೊಳ್ಳುವಾಗ ಏನು ನೋಡಬೇಕು? ಕಡಿಮೆ ಬೆಲೆ ಅಂದರೆ ಹತ್ತರಿಂದ ಮೂವತ್ತು ಸಾವಿರ ರೂಪಾಯಿ ಎಂದು ಇಟ್ಟುಕೊಳ್ಳೋಣ. ಎಷ್ಟೋ ಮನೆಗಳಲ್ಲಿ ಅದು ಒಂದು ತಿಂಗಳ ಸಂಬಳ. ಅಷ್ಟು ಹಣ ಕೊಡುವವರಿಗೆ ಕೈಗೆ ಏನು ಬರುತ್ತದೆ ಎಂಬುದು ಮೊದಲೇ ಗೊತ್ತಿರಬೇಕು.

ಮೊದಲು ಆ 20 ಸೆಕೆಂಡಿನ ತೂಕ ನೋಡೋಣ. ಒಂದು ದಿನಕ್ಕೆ 86 ಸಾವಿರಕ್ಕೂ ಹೆಚ್ಚು ಸೆಕೆಂಡು. ಅದರಲ್ಲಿ 20 ತಪ್ಪಿದರೆ, ಹತ್ತು ಸಾವಿರಕ್ಕೆ ಎರಡು ಚಿಲ್ಲರೆ ತಪ್ಪಿದ ಹಾಗೆ. ಒಳಗೆ ಬ್ಯಾಟರಿ ಇಲ್ಲ. ಎಲೆಕ್ಟ್ರಾನಿಕ್ಸ್ ಇಲ್ಲ. ಇರುವುದು ಸ್ಪ್ರಿಂಗು, ಹಲ್ಲುಗಾಲಿ, ಒಂದು ತೊಟ್ಟು ಎಣ್ಣೆ. ಅದೂ ನಿಮ್ಮ ಕೈ ಬೀಸಿದ ಕಡೆಗೆಲ್ಲ ತಿರುಗುತ್ತ, ಬಿಸಿಲಲ್ಲಿ ಬಿಸಿಯಾಗುತ್ತ, ಬಸ್ಸಿನಲ್ಲಿ ಕುಲುಕುತ್ತ ನಡೆಯಬೇಕು. ನನಗೆ ಇದು ದೊಡ್ಡ ಸಾಧನೆಯಾಗಿಯೇ ಕಾಣುತ್ತದೆ.

ಹಾಗಾದರೆ ಕೊಂಡವರಿಗೆ ಬೇಸರ ಯಾಕೆ? ನಮ್ಮ ನಿರೀಕ್ಷೆ ಬೆಳೆದದ್ದು ಬೇರೆ ಜಾತಿಯ ಗಡಿಯಾರದ ಜೊತೆ. ಅದು ಬ್ಯಾಟರಿಯ ಕ್ವಾರ್ಟ್ಜ್ ಗಡಿಯಾರ. ಜಪಾನಿನ ಸೀಕೊ ಕಂಪನಿ 1969ರ ಕ್ರಿಸ್‌ಮಸ್ ದಿನ ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ಇಟ್ಟಿತು. ಹೆಸರು ಆಸ್ಟ್ರಾನ್. ಅದು ಒಂದು ತಿಂಗಳಿಗೆ ತಪ್ಪುತ್ತಿದ್ದದ್ದು 5 ಸೆಕೆಂಡಿನ ಆಸುಪಾಸು. ಇವತ್ತಿನ ಸಾಮಾನ್ಯ ಕ್ವಾರ್ಟ್ಜ್ ಗಡಿಯಾರದ ಹರಳು ಸೆಕೆಂಡಿಗೆ ಸುಮಾರು 33 ಸಾವಿರ ಸಲ ಕಂಪಿಸುತ್ತದೆ. ಸಾವಿರ ರೂಪಾಯಿಯ ಗಡಿಯಾರವೂ ತಿಂಗಳಿಗೆ 15, 20 ಸೆಕೆಂಡಿನೊಳಗೆ ಇರುತ್ತದೆ. ನಮ್ಮ ಕಡೆ ಈ ಕ್ವಾರ್ಟ್ಜ್ ಮನೆಮನೆಗೆ ಬಂದದ್ದು 1980ರ ದಶಕದ ಕೊನೆಯಲ್ಲಿ, ಹೊಸೂರಿನ ಟೈಟಾನ್ ಕಾರ್ಖಾನೆ ಶುರುವಾದ ಮೇಲೆ.

ಅದಕ್ಕೂ ಮುಂಚೆ ನಮ್ಮ ಹಿರಿಯರ ಕೈಯಲ್ಲಿದ್ದದ್ದು ಎಚ್‌ಎಂಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರ ತಯಾರಾಗತೊಡಗಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಸೋನಾ ಎಂದರೆ ಕೀಲಿ ಕೊಡುವ ಗಡಿಯಾರಗಳು. ಕಾಂಚನ್ ಎಂದರೆ ಆಟೋಮ್ಯಾಟಿಕ್. ಮದುವೆಯಲ್ಲಿ ಅಳಿಯನಿಗೆ ಕೊಡುತ್ತಿದ್ದ ಗಡಿಯಾರ ಅದು. ಆ ಕಾಲದವರು ಬೆಳಿಗ್ಗೆ ಎದ್ದು ಕೀಲಿ ಕೊಡುತ್ತಿದ್ದರು. ರೇಡಿಯೋ ವಾರ್ತೆಯ ಹೊತ್ತಿಗೆ ಮುಳ್ಳು ಸರಿಮಾಡಿಕೊಳ್ಳುತ್ತಿದ್ದರು. ಗಡಿಯಾರ ಒಂದರ್ಧ ನಿಮಿಷ ಆಚೀಚೆ ಆಗುತ್ತದೆ ಎಂಬುದು ಅವರಿಗೆ ಸಹಜ ಸಂಗತಿ. ದೂರು ಕೊಡುವ ವಿಷಯವೇ ಆಗಿರಲಿಲ್ಲ. ನಡುವೆ ಎರಡು ತಲೆಮಾರು ಕ್ವಾರ್ಟ್ಜ್ ಕಟ್ಟಿತು. ಆ ತಿಳುವಳಿಕೆ ಮರೆಯಾಯಿತು. ಈಗ ಮತ್ತೆ ಯುವಕರು ಆಟೋಮ್ಯಾಟಿಕ್ ಕೇಳುತ್ತಿದ್ದಾರೆ. ಗಡಿಯಾರ ಹಳೆಯ ಜಾತಿಯದು, ನಿರೀಕ್ಷೆ ಮಾತ್ರ ಹೊಸದು.

ಇದುವರೆಗೆ ಹೇಳಿದ್ದು ಎರಡು ಮಾತು. ದಿನಕ್ಕೆ 20 ಸೆಕೆಂಡು ದೋಷವಲ್ಲ. ಬ್ಯಾಟರಿ ಗಡಿಯಾರದ ಅಳತೆಗೋಲನ್ನು ಇಲ್ಲಿ ತರಬಾರದು. ಈಗ ಗಡಿಯಾರದ ಒಳಗೆ ಹೋಗೋಣ. ಒಳಗಿನ ಕೆಲಸ ತಿಳಿದರೆ ಉಳಿದದ್ದು ತಾನಾಗಿಯೇ ತಿಳಿಯುತ್ತದೆ.

ಗಡಿಯಾರವನ್ನು ಬೋರಲಾಗಿ ಅಂಗೈಯಲ್ಲಿ ಇಟ್ಟುಕೊಂಡಿದ್ದೇವೆ ಅಂದುಕೊಳ್ಳಿ. ಈಗಿನ ಹಲವು ಗಡಿಯಾರಗಳ ಹಿಂಬದಿಗೆ ಗಾಜೇ ಇರುತ್ತದೆ. ಮೊದಲು ಕಾಣುವುದು ಅರ್ಧಚಂದ್ರಾಕಾರದ ಒಂದು ಲೋಹದ ತಟ್ಟೆ. ನಟ್ಟನಡುವಿನ ಅಚ್ಚಿನ ಮೇಲೆ ಕೂತಿದೆ. ಅಂಗೈಯನ್ನು ಸ್ವಲ್ಪ ಓರೆ ಮಾಡಿದರೆ ಸಾಕು, ಭಾರದ ಕಡೆ ಜಾರಿ ಗಿರ್ರನೆ ಸುತ್ತುತ್ತದೆ. ಕಿವಿಯ ಹತ್ತಿರ ಹಿಡಿದರೆ ಸಣ್ಣ ಸದ್ದೂ ಕೇಳುತ್ತದೆ. ಇದೇ ರೋಟರ್. ನೀವು ನಡೆದಾಗ, ಬರೆದಾಗ, ಕೈ ಬೀಸಿ ಮಾತಾಡಿದಾಗ ಇದು ಸುತ್ತಿ ಸುತ್ತಿ ಒಳಗಿನ ದೊಡ್ಡ ಸ್ಪ್ರಿಂಗನ್ನು ಬಿಗಿ ಮಾಡುತ್ತದೆ. ಆಟೋಮ್ಯಾಟಿಕ್ ಎಂಬ ಹೆಸರು ಬಂದದ್ದು ಇಷ್ಟಕ್ಕೇ. ಕೀಲಿ ತಾನೇ ಕೊಟ್ಟುಕೊಳ್ಳುತ್ತದೆ. ಸಮಯವನ್ನು ತಾನೇ ಸರಿಮಾಡಿಕೊಳ್ಳುತ್ತದೆ ಎಂದು ತಿಳಿದವರೂ ಇದ್ದಾರೆ. ಆ ಶಕ್ತಿ ಅದಕ್ಕಿಲ್ಲ.

ದೊಡ್ಡ ಸ್ಪ್ರಿಂಗು ಬಿಚ್ಚಿಕೊಳ್ಳುತ್ತ ಹಲ್ಲುಗಾಲಿಗಳನ್ನು ತಿರುಗಿಸುತ್ತದೆ. ಅದನ್ನು ಹಾಗೇ ಬಿಟ್ಟರೆ ಎಲ್ಲ ಶಕ್ತಿ ಕೆಲವೇ ಗಳಿಗೆಯಲ್ಲಿ ಮುಗಿದುಹೋಗುತ್ತದೆ. ಅದನ್ನು ತಡೆತಡೆದು ಬಿಡಬೇಕು. ಆ ಕೆಲಸ ಬ್ಯಾಲೆನ್ಸ್ ಚಕ್ರದ್ದು. ರೋಟರಿನ ಅಂಚಿನ ಕೆಳಗೆ ಅದು ಕಾಣುತ್ತದೆ. ಕಿರುಬೆರಳ ಉಗುರಿನಗಲದ ಹಿತ್ತಾಳೆಬಣ್ಣದ ಬಳೆ. ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ಉಯ್ಯಾಲೆಯಂತೆ ತೂಗುತ್ತದೆ. ಪ್ರತಿ ತೂಗಿಗೂ ಹಲ್ಲುಗಾಲಿಯನ್ನು ಅರ್ಧ ಹಲ್ಲಿನಷ್ಟು ಬಿಡುತ್ತದೆ. ಆಗ ಬರುವ ಸದ್ದೇ ನಮಗೆ ಕೇಳುವ ಟಿಕ್. ಚಕ್ರದ ನಡುವೆ ಸುರುಳಿ ಸುತ್ತಿದ ಇನ್ನೊಂದು ಸ್ಪ್ರಿಂಗು ಇದೆ. ಕೂದಲಿನಷ್ಟು ತೆಳು. ರಿಪೇರಿಯವರು ಇದನ್ನು ಹೇರ್‌ಸ್ಪ್ರಿಂಗ್ ಅನ್ನುತ್ತಾರೆ. ಚಕ್ರವನ್ನು ಪ್ರತಿಸಲ ವಾಪಸು ಎಳೆಯುವುದು ಇದೇ. ಗಡಿಯಾರ ಮುಂದೆ ಓಡುವುದು, ಹಿಂದೆ ಬೀಳುವುದು ಎಲ್ಲ ಈ ಸುರುಳಿಯ ಕೈಯಲ್ಲಿದೆ.

ಕಡಿಮೆ ಬೆಲೆಯ ಆಟೋಮ್ಯಾಟಿಕ್‌ಗಳಲ್ಲಿ ಬಹುಪಾಲು ಸೆಕೆಂಡಿಗೆ 6 ಸಲ ಟಿಕ್ ಅನ್ನುತ್ತವೆ. ಹಳೆಯ ಎಚ್‌ಎಂಟಿ ಜನತಾ 5 ಸಲ ಅನ್ನುತ್ತಿತ್ತು. ಸೆಕೆಂಡಿಗೆ 6 ಎಂದರೆ ದಿನಕ್ಕೆ 5 ಲಕ್ಷಕ್ಕೂ ಹೆಚ್ಚು. ಪ್ರತಿಯೊಂದು ತೂಗಿಗೂ ಕೂದಲೆಳೆಯಷ್ಟು ವ್ಯತ್ಯಾಸವಾದರೂ, 5 ಲಕ್ಷ ಸಲ ಕೂಡಿಕೊಂಡು ಸಂಜೆಗೆ ಅದು ಸೆಕೆಂಡುಗಳಾಗಿ ಕಾಣಿಸಿಕೊಳ್ಳುತ್ತದೆ.

ಈ ವ್ಯತ್ಯಾಸ ಹುಟ್ಟುವುದು ಎಲ್ಲಿ? ಗಡಿಯಾರ ಮಲಗಿದ್ದಾಗ ಚಕ್ರದ ಅಚ್ಚು ತನ್ನ ತುದಿಯ ಮೇಲೆ ನಿಂತು ಸುತ್ತುತ್ತದೆ, ಉಜ್ಜಾಟ ಕಡಿಮೆ. ಓರೆಯಾಗಿ ನಿಂತಾಗ ಅಚ್ಚಿನ ಪಕ್ಕ ತಾಗುತ್ತದೆ, ಉಜ್ಜಾಟ ಹೆಚ್ಚು. ಸ್ಪ್ರಿಂಗು ಪೂರ್ತಿ ಬಿಗಿಯಾಗಿದ್ದಾಗ ತೂಗು ದೊಡ್ಡದು, ಸಡಿಲವಾದಾಗ ಚಿಕ್ಕದು. ಬಿಸಿ ಬದಲಾದರೆ ಸುರುಳಿಯ ಬಿಗುವು ಬದಲಾಗುತ್ತದೆ. ಎಣ್ಣೆ ಒಣಗಿದರೆ ಎಲ್ಲವೂ ಬದಲಾಗುತ್ತದೆ.

ಸರಿ, ಒಳಗಿನ ಕಥೆ ತಿಳಿಯಿತು. ಸ್ಪ್ರಿಂಗು ಶಕ್ತಿ ಕೊಡುತ್ತದೆ, ಬ್ಯಾಲೆನ್ಸ್ ಚಕ್ರ ಲೆಕ್ಕ ಇಡುತ್ತದೆ, ಆ ಚಕ್ರವನ್ನು ಪರಿಸ್ಥಿತಿ ಅಲುಗಾಡಿಸುತ್ತದೆ. ಈಗ ತಯಾರಕರೇ ಕೊಡುವ ಅಂಕಿಗಳಿಗೆ ಬರೋಣ.

ಕಡಿಮೆ ಬೆಲೆಯ ಗಡಿಯಾರಗಳ ಹೆಸರು ನೂರಾರು. ಆದರೆ ಹಲವುಗಳ ಒಳಗಿನ ಯಂತ್ರ ಒಂದೇ. ಜಪಾನಿನ ಎರಡು ಮನೆಗಳಿಂದ ಬಂದ ಯಂತ್ರಗಳನ್ನು ಬೇರೆ ಬೇರೆ ಕಂಪನಿಗಳು ತಮ್ಮ ಡಬ್ಬಿಯಲ್ಲಿ ಕೂರಿಸುತ್ತವೆ. ಒಂದು ಸೀಕೊ ಬಳಗದ ಎನ್‌ಎಚ್35. ಇನ್ನೊಂದು ಸಿಟಿಜನ್ ಬಳಗದ ಮಿಯೋಟಾ 8215. ಎರಡಕ್ಕೂ ತಯಾರಕರು ಬರೆದುಕೊಟ್ಟಿರುವ ಮಿತಿ ಒಂದೇ. ದಿನಕ್ಕೆ 20 ಸೆಕೆಂಡು ಹಿಂದೆ ಬೀಳಬಹುದು, 40 ಸೆಕೆಂಡು ಮುಂದೆ ಓಡಬಹುದು. ಎನ್‌ಎಚ್ ಜಾತಿಯದೇ ಯಂತ್ರ ಸೀಕೊ ಹೆಸರಿನ ಗಡಿಯಾರಗಳಲ್ಲಿ 4ಆರ್36 ಎಂದು ಬರುತ್ತದೆ. ಅಲ್ಲಿ ಮಿತಿ ಇನ್ನೂ ಸಡಿಲ. 35 ಹಿಂದೆ, 45 ಮುಂದೆ. ಮಿಯೋಟಾದವರದೇ ಸ್ವಲ್ಪ ದುಬಾರಿ ಯಂತ್ರ 9015. ಅದು ಸೆಕೆಂಡಿಗೆ 8 ಸಲ ಟಿಕ್ ಅನ್ನುತ್ತದೆ. ಮಿತಿ 10 ಹಿಂದೆ, 30 ಮುಂದೆ.

ಹೋಲಿಕೆಗೆ ಮೇಲ್ತುದಿಯದನ್ನೂ ಹೇಳುತ್ತೇನೆ. ಸ್ವಿಟ್ಜರ್ಲೆಂಡಿನಲ್ಲಿ ಕೊಸ್ಕ್ ಎಂಬ ಸಂಸ್ಥೆ ಇದೆ. ಅದು ಪ್ರತಿ ಯಂತ್ರವನ್ನೂ 15 ದಿನ, ಐದು ಭಂಗಿಗಳಲ್ಲಿ, ಮೂರು ತಾಪಮಾನಗಳಲ್ಲಿ ಪರೀಕ್ಷಿಸಿ ಕ್ರೊನೋಮೀಟರ್ ಎಂದು ಪ್ರಮಾಣಪತ್ರ ಕೊಡುತ್ತದೆ. ಅಲ್ಲಿ ಪಾಸಾಗಲು ದಿನದ ಸರಾಸರಿ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಇದರ ನಡುವೆ ಇರಬೇಕು. ಲಕ್ಷಗಟ್ಟಲೆ ಬೆಲೆಯ ಗಡಿಯಾರಕ್ಕೂ ದಿನಕ್ಕೆ 6 ಸೆಕೆಂಡು ತಪ್ಪಲು ಅನುಮತಿ ಇದೆ. ನಮ್ಮ ಹದಿನೈದು ಸಾವಿರದ ಗಡಿಯಾರ 20 ತಪ್ಪಿದರೆ ಅದನ್ನು ಕೆಟ್ಟದ್ದು ಅನ್ನುವುದು ನ್ಯಾಯವಲ್ಲ.

ಈ ಅಂಕಿಗಳಲ್ಲಿ ಇನ್ನೊಂದು ವಿಷಯ ಗಮನಿಸಿ. ಮುಂದಿನ ಮಿತಿ ದೊಡ್ಡದು, ಹಿಂದಿನದು ಚಿಕ್ಕದು. ತಯಾರಕರು ಬೇಕೆಂದೇ ಗಡಿಯಾರವನ್ನು ತುಸು ಮುಂದೆ ಇಡುತ್ತಾರೆ. ಅದು ಒಳ್ಳೆಯ ಪದ್ಧತಿ. ಮುಂದಿರುವ ಗಡಿಯಾರ ಬಸ್ಸು ತಪ್ಪಿಸುವುದಿಲ್ಲ. ಇನ್ನೂ ಒಂದು ಮಾತು. ಇವು ಹೊರಗಿನ ಬೇಲಿಗಳು. ಆರೋಗ್ಯವಂತ ಗಡಿಯಾರ ಸಾಮಾನ್ಯವಾಗಿ ಬೇಲಿಯಿಂದ ಸಾಕಷ್ಟು ಒಳಗೇ ಓಡಾಡುತ್ತದೆ.

ಅಂಕಿ ಮುಗಿಯಿತು. ನೆನಪಿಡಬೇಕಾದದ್ದು ಇಷ್ಟೇ. 20 ಹಿಂದೆ, 40 ಮುಂದೆ. ಈಗ ನನ್ನ ಮುಖ್ಯ ಮಾತು.

ಗಡಿಯಾರ ಎಷ್ಟು ತಪ್ಪುತ್ತದೆ ಎಂಬುದಕ್ಕಿಂತ, ದಿನವೂ ಒಂದೇ ರೀತಿ ತಪ್ಪುತ್ತದೆಯೇ ಎಂದು ಕೇಳಿ. ಎರಡು ಗಡಿಯಾರ ಇವೆ ಎನ್ನೋಣ. ಮೊದಲನೆಯದು ಸೋಮವಾರ 18 ಸೆಕೆಂಡು ಮುಂದೆ, ಮಂಗಳವಾರ 19, ಬುಧವಾರ 18. ಎರಡನೆಯದು ಸೋಮವಾರ 15 ಮುಂದೆ, ಮಂಗಳವಾರ 20 ಹಿಂದೆ, ಬುಧವಾರ 5 ಮುಂದೆ. ಮೂರು ದಿನದ ಕೊನೆಗೆ ಎರಡನೆಯದರ ತಪ್ಪು ಸೊನ್ನೆ. ಆದರೂ ನಾನು ಆರಿಸುವುದು ಮೊದಲನೆಯದನ್ನೇ. ಅದರ ನಡೆ ಗಟ್ಟಿ. ನಾಳೆ ಎಷ್ಟು ತಪ್ಪುತ್ತದೆ ಎಂದು ಇವತ್ತೇ ಹೇಳಬಹುದು. ಎರಡನೆಯದು ನಾಳೆ ಏನು ಮಾಡುತ್ತದೋ ಯಾರಿಗೂ ಗೊತ್ತಿಲ್ಲ. ಅದರೊಳಗೆ ಏನೋ ತೊಂದರೆ ಇದೆ.

ಗಟ್ಟಿ ನಡೆಯ ಗಡಿಯಾರವನ್ನು ತಿದ್ದುವುದು ಸುಲಭ. ಬ್ಯಾಲೆನ್ಸ್ ಚಕ್ರದ ಮೇಲೆ ಒಂದು ಪುಟ್ಟ ಕಡ್ಡಿ ಇದೆ. ಪಕ್ಕದಲ್ಲಿ ಕೂಡಿಸುವ, ಕಳೆಯುವ ಗುರುತು ಕೊರೆದಿರುತ್ತಾರೆ. ಕಡ್ಡಿಯನ್ನು ಸರಿಸಿದರೆ ಹೇರ್‌ಸ್ಪ್ರಿಂಗಿನ ದುಡಿಯುವ ಉದ್ದ ಬದಲಾಗುತ್ತದೆ. ಉದ್ದ ಕಡಿಮೆಯಾದರೆ ಗಡಿಯಾರ ವೇಗವಾಗುತ್ತದೆ. ಒಳ್ಳೆಯ ರಿಪೇರಿಯವರು ಈ ಕೆಲಸ ಮಾಡುವುದನ್ನು ಹತ್ತಿರ ನಿಂತು ನೋಡಬೇಕು. ಕಣ್ಣಿಗೆ ಭೂತಗಾಜು, ಕೈಯಲ್ಲಿ ಒಂದು ಸಣ್ಣ ಮರದ ಕಡ್ಡಿ. ಮುಂಗೈಯನ್ನು ಮೇಜಿನ ಅಂಚಿಗೆ ಊರಿರುತ್ತಾರೆ. ಚಕ್ರದ ಮೇಲಿನ ಕಡ್ಡಿಯನ್ನು ತಳ್ಳುವುದಿಲ್ಲ, ಮುಟ್ಟುತ್ತಾರೆ ಅಷ್ಟೇ. ಸರಿದದ್ದು ನಮಗೆ ಕಾಣುವುದೇ ಇಲ್ಲ. ಅಷ್ಟಕ್ಕೇ ದಿನಕ್ಕೆ ಹತ್ತು, ಹದಿನೈದು ಸೆಕೆಂಡು ಬದಲಾಗಿರುತ್ತದೆ. ಕೈ ಜಾರಿ ಸುರುಳಿಗೆ ತಾಗಿದರೆ ಗಡಿಯಾರವೇ ಹೋಯಿತು. ಆದ್ದರಿಂದ ಮನೆಯಲ್ಲಿ ಪ್ರಯೋಗ ಬೇಡ.

ಬದಲಾದದ್ದು ಅವರಿಗೆ ತಿಳಿಯುವುದು ಟೈಮ್‌ಗ್ರಾಫರ್ ಎಂಬ ಪುಟ್ಟ ಯಂತ್ರದಿಂದ. ಅದರಲ್ಲಿ ಒಂದು ಮೈಕ್ರೊಫೋನ್ ಇದೆ. ಗಡಿಯಾರದ ಟಿಕ್ ಕೇಳಿಸಿಕೊಂಡು ಪರದೆಯ ಮೇಲೆ ಚುಕ್ಕಿ ಇಡುತ್ತ ಹೋಗುತ್ತದೆ. ಚುಕ್ಕಿಗಳು ಎರಡು ಸಾಲಾಗಿ ಬರುತ್ತವೆ. ಸಾಲು ಮಟ್ಟಸವಾಗಿದ್ದರೆ ಸಮಯ ಸರಿ. ಮೇಲೇರುತ್ತಿದ್ದರೆ ಗಡಿಯಾರ ಮುಂದೆ. ಇಳಿಯುತ್ತಿದ್ದರೆ ಹಿಂದೆ. ಚುಕ್ಕಿಗಳು ಚೆಲ್ಲಾಪಿಲ್ಲಿಯಾಗಿದ್ದರೆ ಗಡಿಯಾರಕ್ಕೆ ಸರ್ವಿಸ್ ಬೇಕು. ನಾನು ಹೇಳಿದ ಗಟ್ಟಿ ನಡೆ ಅಲ್ಲಿ ಕಣ್ಣಿಗೇ ಕಾಣುತ್ತದೆ.

ಹಾಗಾದರೆ, ತಪ್ಪು ಸಣ್ಣದಿರಲಿ ದೊಡ್ಡದಿರಲಿ, ಒಂದೇ ಸಮ ಇರಬೇಕು. ಇದನ್ನು ಮನೆಯಲ್ಲಿ ತಿಳಿಯುವುದು ಹೇಗೆ?

ಗಡಿಯಾರಕ್ಕೆ ಮೊದಲು ಪೂರ್ತಿ ಕೀಲಿ ಕೊಡಿ. ತಿರುಪನ್ನು ನಿಧಾನವಾಗಿ ಮೂವತ್ತು, ನಲವತ್ತು ಸುತ್ತು ತಿರುಗಿಸಿ. ಆಟೋಮ್ಯಾಟಿಕ್‌ನಲ್ಲಿ ಸ್ಪ್ರಿಂಗು ತುಂಬಿದ ಮೇಲೆ ಜಾರಿಕೊಳ್ಳುತ್ತದೆ, ಮುರಿಯುವ ಭಯವಿಲ್ಲ. ಆಮೇಲೆ ಸೆಕೆಂಡು ಮುಳ್ಳು ಹನ್ನೆರಡಕ್ಕೆ ಬಂದಾಗ ತಿರುಪನ್ನು ಹೊರಗೆಳೆಯಿರಿ. ಈಗಿನ ಹಲವು ಗಡಿಯಾರಗಳಲ್ಲಿ ಆಗ ಮುಳ್ಳು ನಿಲ್ಲುತ್ತದೆ. ಸರಿಯಾದ ಸಮಯ ಬಂದ ಕ್ಷಣ ಒಳಗೆ ಒತ್ತಿ.

ಸರಿಯಾದ ಸಮಯ ಎಲ್ಲಿಂದ? ಭಾರತದ ಅಧಿಕೃತ ಸಮಯವನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಪರಮಾಣು ಗಡಿಯಾರಗಳು. ವಾರ್ತೆಗೆ ಮುಂಚೆ ರೇಡಿಯೋದಲ್ಲಿ ಬರುವ ಪಿಪ್ ಸದ್ದು ನಮ್ಮ ಕೆಲಸಕ್ಕೆ ಧಾರಾಳ ಸಾಕು. ಆದರೆ ಅದನ್ನು ರೇಡಿಯೋ ಪೆಟ್ಟಿಗೆಯಲ್ಲೇ ಕೇಳಿ. ಮೊಬೈಲ್ ಆ್ಯಪ್‌ನಲ್ಲಿ ಬರುವ ರೇಡಿಯೋ ಹಲವು ಸೆಕೆಂಡು ತಡವಾಗಿ ತಲುಪುತ್ತದೆ. ಈ ಭಾಷಣವನ್ನು ಆ್ಯಪ್‌ನಲ್ಲಿ ಕೇಳುತ್ತಿರುವವರಿಗೆ ನನ್ನ ಮಾತು ಪಕ್ಕದ ಮನೆಯ ರೇಡಿಯೋಕ್ಕಿಂತ ಹಿಂದೆ ಬರುತ್ತಿರುತ್ತದೆ. ಮೊಬೈಲಿನ ಪರದೆಯ ಮೇಲಿನ ಗಡಿಯಾರ ಬೇರೆ ವಿಷಯ. ಅದು ಜಾಲದಿಂದ ಸಮಯ ಪಡೆಯುತ್ತದೆ, ಅದನ್ನು ನಂಬಬಹುದು.

ಪ್ರತಿದಿನ ಅದೇ ಹೊತ್ತಿಗೆ ವ್ಯತ್ಯಾಸ ನೋಡಿ, ಒಂದು ಚೀಟಿಯಲ್ಲಿ ಬರೆದಿಡಿ. ಒಂದು ವಾರ ಸಾಕು. ಒಂದು ದಿನದ ಅಂಕಿ ನೋಡಿ ತೀರ್ಮಾನ ಮಾಡಬೇಡಿ. ಹಾಗೆಯೇ ಗಂಟೆಗೊಮ್ಮೆ ನೋಡಿ ತಲೆ ಕೆಡಿಸಿಕೊಳ್ಳಲೂಬೇಡಿ.

ರಾತ್ರಿ ಬಿಚ್ಚಿಡುವಾಗ ಒಂದು ಉಪಾಯ ಇದೆ. ಕೆಲವು ದಿನ ಡಯಲ್ ಮೇಲೆ ಮಾಡಿ ಇಡಿ. ಕೆಲವು ದಿನ ತಿರುಪು ಮೇಲೆ ಬರುವಂತೆ ನಿಲ್ಲಿಸಿ ಇಡಿ. ಒಂದು ಭಂಗಿಯಲ್ಲಿ ಗಡಿಯಾರ ಮುಂದೆ ಹೋದರೆ ಇನ್ನೊಂದರಲ್ಲಿ ಹಿಂದೆ ಬರುವುದುಂಟು. ನಿಮ್ಮದಕ್ಕೆ ಯಾವ ಭಂಗಿ ಹೊಂದುತ್ತದೆ ಎಂದು ಕಂಡುಕೊಂಡರೆ, ಹಗಲಿನ ತಪ್ಪನ್ನು ರಾತ್ರಿ ತಿದ್ದಬಹುದು. ಖರ್ಚಿಲ್ಲದ ರಿಪೇರಿ.

ದಿನವಿಡೀ ಮೇಜಿನ ಮುಂದೆ ಕೂರುವವರಿಗೆ ಒಂದು ಮಾತು. ಕೈ ಹೆಚ್ಚು ಆಡದಿದ್ದರೆ ಸ್ಪ್ರಿಂಗು ಅರೆಬಿಗಿಯಲ್ಲೇ ಉಳಿಯುತ್ತದೆ. ತೂಗು ಚಿಕ್ಕದಾಗುತ್ತದೆ, ನಡೆ ಸಡಿಲವಾಗುತ್ತದೆ. ಬೆಳಿಗ್ಗೆ ಹತ್ತಿಪ್ಪತ್ತು ಸುತ್ತು ಕೀಲಿ ಕೊಟ್ಟರೆ ಸಾಕು. ಪೂರ್ತಿ ತುಂಬಿದ ಸ್ಪ್ರಿಂಗು ಸುಮಾರು 40 ಗಂಟೆ ನಡೆಸುತ್ತದೆ.

ಪರೀಕ್ಷೆ ಹೇಗೆಂದು ಹೇಳಿದೆ. ಇನ್ನು, ನೆಟ್ಟಗಿದ್ದ ಗಡಿಯಾರ ಇದ್ದಕ್ಕಿದ್ದಂತೆ ದಿನಕ್ಕೆ ಎರಡು, ಮೂರು ನಿಮಿಷ ಮುಂದೆ ಓಡತೊಡಗಿದರೆ ಏನು? ಬಹುಮಟ್ಟಿಗೆ ಅದಕ್ಕೆ ಅಯಸ್ಕಾಂತ ತಾಗಿದೆ. ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ದುಡಿಯುವ ಉದ್ದ ಕಡಿಮೆಯಾಗುತ್ತದೆ, ಗಡಿಯಾರ ಓಡುತ್ತದೆ. ಸ್ಪೀಕರು, ಟ್ಯಾಬ್ಲೆಟ್ಟಿನ ಮುಚ್ಚಳ, ಕೈಚೀಲದ ಗುಂಡಿ, ಎಲ್ಲದರಲ್ಲೂ ಈಗ ಅಯಸ್ಕಾಂತ ಇದೆ. ಒಂದು ದಿಕ್ಸೂಚಿಯ ಹತ್ತಿರ ಗಡಿಯಾರ ತನ್ನಿ. ಸೂಜಿ ಅಲುಗಾಡಿದರೆ ರೋಗ ಅದೇ. ರಿಪೇರಿ ಅಂಗಡಿಯಲ್ಲಿ ಅಯಸ್ಕಾಂತ ತೆಗೆಯುವ ಡಬ್ಬಿ ಇರುತ್ತದೆ. ಅರ್ಧ ನಿಮಿಷದ ಕೆಲಸ. ಇಷ್ಟು ಸಣ್ಣ ಕಾರಣಕ್ಕೆ ಗಡಿಯಾರ ಕೆಟ್ಟಿತೆಂದು ಪೆಟ್ಟಿಗೆಯಲ್ಲಿ ಎಸೆದವರನ್ನು ಕಂಡು ನನಗೆ ನೋವಾಗಿದೆ.

ಕೊನೆಗೆ ಅಂಗಡಿಯೊಳಗೆ ಹೋಗೋಣ. ಸೀಕೊ, ಸಿಟಿಜನ್, ಓರಿಯೆಂಟ್, ಟೈಟಾನ್, ಟೈಮೆಕ್ಸ್, ಈ ಬೆಲೆಯಲ್ಲಿ ಆಯ್ಕೆ ಸಾಕಷ್ಟಿದೆ. ಡಯಲಿನ ಬಣ್ಣ ನಿಮ್ಮ ಇಷ್ಟ. ಆದರೆ ಎರಡು ಪ್ರಶ್ನೆ ಕೇಳಿ. ಕೈಯಿಂದ ಕೀಲಿ ಕೊಡಬಹುದೇ? ತಿರುಪು ಎಳೆದರೆ ಸೆಕೆಂಡು ಮುಳ್ಳು ನಿಲ್ಲುತ್ತದೆಯೇ? ಹಳೆಯ ಸೀಕೊ 5 ಗಡಿಯಾರಗಳಲ್ಲಿದ್ದ 7ಎಸ್26 ಯಂತ್ರಕ್ಕೆ ಎರಡೂ ಇರಲಿಲ್ಲ. ಗಟ್ಟಿಮುಟ್ಟಾದ ಯಂತ್ರವೇ, ಆದರೆ ಸೆಕೆಂಡು ಹೊಂದಿಸುವುದು ಕಷ್ಟ. ತಾರೀಕಿನ ಕಿಂಡಿ ಇದ್ದರೆ, ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ನಾಲ್ಕರ ನಡುವೆ ತಾರೀಕು ಬದಲಿಸಬೇಡಿ. ಆ ಹೊತ್ತಿನಲ್ಲಿ ಒಳಗಿನ ಹಲ್ಲುಗಳು ಆಗಲೇ ತಾರೀಕಿಗೆ ಕೈ ಹಾಕಿರುತ್ತವೆ, ಬಲವಂತ ಮಾಡಿದರೆ ಹಲ್ಲು ಮುರಿಯಬಹುದು.

ಹಳೆಯ ಎಚ್‌ಎಂಟಿಯ ಮೇಲೆ ಆಸೆಯಿದ್ದರೆ, ಒಳ್ಳೆಯದು. ಕೈಗಡಿಯಾರದ ಕಂಪನಿ ಮುಚ್ಚಿದ್ದು 2016ರಲ್ಲಿ. ಆದರೆ ಅಗ್ಗಕ್ಕೆ, ಥಳಥಳ ಹೊಳೆಯುವ ಹೊಸ ಬಣ್ಣದ ಡಯಲಿನೊಂದಿಗೆ ಸಿಕ್ಕರೆ ಅನುಮಾನಪಡಿ. ಹಳೆಯ ಡಯಲಿಗೆ ಮತ್ತೆ ಬಣ್ಣ ಹೊಡೆದು, ಬೇರೆ ಬೇರೆ ಗಡಿಯಾರಗಳ ಬಿಡಿಭಾಗ ಸೇರಿಸಿ ಮಾರುವುದು ದೊಡ್ಡ ವ್ಯಾಪಾರವೇ ಆಗಿದೆ. ಅಂಥದ್ದರಲ್ಲಿ ಗಟ್ಟಿ ನಡೆ ಸಿಗುವುದು ಅಪರೂಪ. ಮನೆಯಲ್ಲೇ ಅಜ್ಜನದೊಂದು ಇದ್ದರೆ, ಅದನ್ನು ನಂಬಿಕೆಯ ರಿಪೇರಿಯವರಿಂದ ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಿ. ಹೊಸ ಗಡಿಯಾರಕ್ಕೂ ನಾಲ್ಕೈದು ವರ್ಷಕ್ಕೊಮ್ಮೆ ಈ ಸೇವೆ ಬೇಕು. ಆ ಖರ್ಚನ್ನೂ ಬೆಲೆಯಲ್ಲಿ ಸೇರಿಸಿಕೊಂಡೇ ಲೆಕ್ಕ ಹಾಕಿ.

ಅಂಗಡಿಯಲ್ಲಿ ಟೈಮ್‌ಗ್ರಾಫರ್ ಇದ್ದರೆ ಬಿಲ್ ಬರೆಸುವ ಮುಂಚೆ ಅದರ ಮೇಲೆ ಇಡಿಸಿ. ಒಮ್ಮೆ ಡಯಲ್ ಮೇಲಾಗಿ, ಒಮ್ಮೆ ತಿರುಪು ಕೆಳಗಾಗಿ. ಎರಡೂ ಸಲ ಚುಕ್ಕಿಗಳ ಸಾಲು ಅಚ್ಚುಕಟ್ಟಾಗಿದ್ದು, ಎರಡು ಅಂಕಿಗಳ ಅಂತರ 20 ಸೆಕೆಂಡಿಗಿಂತ ಕಡಿಮೆಯಿದ್ದರೆ ಧೈರ್ಯವಾಗಿ ಕೊಳ್ಳಿ. ಯಂತ್ರ ಇಲ್ಲದಿದ್ದರೆ, ಒಂದು ವಾರ ನಡೆ ನೋಡಿ ಬದಲಿಸಲು ಅವಕಾಶ ಇದೆಯೇ ಎಂದು ಮೊದಲೇ ಕೇಳಿ. ವಾರಂಟಿ ಕಾರ್ಡಿನ ಮೇಲೆ ತಾರೀಕು ಮತ್ತು ಮೊಹರು ಹಾಕಿಸಿಕೊಂಡೇ ಹೊರಡಿ.